ಅತ್ತೆಯ ವಿಳಾಸಕ್ಕೆ ಹೋದ ಹಾರ್ಡ್ ಡಿಸ್ಕ್

"ಈ ಭಾನುವಾರ ನಮ್ಮನೆ ಹಳೇ ಕಂಪ್ಯೂಟರಿನ ಅಂತ್ಯಕ್ರಿಯೆ! ಗುಜರಿಗೆ ಹಾಕೋ ಮುಂಚೆ ಅದರೊಳಗಿರೋದು ಒಂದಕ್ಷರ ಕೂಡ ಯಾವ ನರಪಿಳ್ಳೆಗೂ ಸಿಗಬಾರದು, ಹಾಗೆ ಅಳಿಸಿ ಹಾಕ್ತೀನಿ, ನೋಡ್ತಿರು!"

ಮಲೇಷ್ಯಾದ ಪೆನಾಂಗ್ ದ್ವೀಪದ ಏರ್ ಈತಮ್ ಮಾರುಕಟ್ಟೆಯ ಎದುರಿಗಿದ್ದ ಕಾಫಿ ಅಂಗಡಿಯಲ್ಲಿ ಕುಳಿತು ಬೂನ್ ಲಾಯ್ ಹೀಗೆ ಘೋಷಿಸಿದಾಗ ಎದುರಿಗೆ ಇದ್ದವನು ಗೆಳೆಯ ಚೂನ್ ಹೋ ಒಬ್ಬನೇ. ಆದರೆ ಘೋಷಣೆಯ ಗತ್ತು ಮಾತ್ರ ಇಡೀ ದ್ವೀಪವೇ ಕೇಳುತ್ತಿದೆ ಎನ್ನುವಂತಿತ್ತು. ನೀರು ಸರಬರಾಜು ಕಚೇರಿಯಿಂದ ನಿವೃತ್ತನಾದ ಮೇಲೆ ಬೂನ್ ಲಾಯ್‌ಗೆ ಅಪ್ಪಣೆ ಕೊಡಲು ಕೈಕೆಳಗಿನವರು ಯಾರೂ ಉಳಿದಿರಲಿಲ್ಲ. ಹಾಗಾಗಿ ಮನೆಯ ಮಿಕ್ಸಿ, ಫ್ಯಾನು, ಕಂಪ್ಯೂಟರುಗಳ ಮೇಲೆಯೇ ಅಧಿಕಾರ ಚಲಾಯಿಸುತ್ತಿದ್ದ.

"ಅಳಿಸೋದು ಅಂದ್ರೆ ಏನಂತ ಗೊತ್ತಾ ನಿಂಗೆ?" ಚೂನ್ ಹೋ ಕಾಫಿ ಕದಡುತ್ತಾ ಕೇಳಿದ. "ಡಿಲೀಟ್ ಒತ್ತಿದ್ರೆ ಅಂಗಡಿ ಬೋರ್ಡ್ ಕಿತ್ತಂಗೆ ಅಷ್ಟೇ ಕಣಯ್ಯ. ಸಾಮಾನೆಲ್ಲ ಒಳಗೇ ಇರುತ್ತೆ. ನನ್ನ ತಂಗಿ ಗಂಡ ಹಾಗೇ ಮಾಡಿ ತನ್ನ ಕಂಪ್ಯೂಟರ್ ಮಾರಿದ. ತಗೊಂಡವನು ಇವನ ಮದುವೆಗೆ ಮುಂಚಿನ ಗೆಳತಿ ಫೋಟೊನೆಲ್ಲ ಎಬ್ಬಿಸಿ, ಪಾಪ, ಒಳ್ಳೇ ಮನುಷ್ಯ, ವಾಪಸ್ ಕಳಿಸಿಕೊಟ್ಟ. ಮನೆ ವಿಳಾಸಕ್ಕೆ. ನನ್ನ ತಂಗಿ ಹೆಸರಿಗೆ!"

ಬೂನ್ ಲಾಯ್‌ಗೆ ಗೆಳತಿಯ ಫೋಟೊದ ಭಯವಿರಲಿಲ್ಲ. ಅವನಿಗೆ ಗೆಳತಿಯೇ ಇರಲಿಲ್ಲ. ಆದರೂ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಯಾಕೆಂದರೆ ಆ ಕಂಪ್ಯೂಟರಿನಲ್ಲಿ "ಅದು" ಇತ್ತು!

ಮನೆಗೆ ಬಂದ ಮೇಲೆ ಅವನು, ಹೆಂಡತಿ ಗೈಕ್ ಸಿಮ್ ಇಬ್ಬರೂ ಕಂಪ್ಯೂಟರಿನ ಮುಂದೆ ಕುಳಿತು ಕೊನೆಯ ಬಾರಿಗೆ "ಅದನ್ನು" ನೋಡಿದರು. ಯಾವುದೋ ಹೊಸ ವರ್ಷದ ಊಟದ ವೀಡಿಯೊ. ನಡುಮನೆಯ ಮಧ್ಯೆ ಗೈಕ್ ಸಿಮ್. ಸೊಂಟಕ್ಕೆ ಟವೆಲ್ಲು, ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಬೀಸಣಿಗೆ. ಅವಳು ನಟಿಸುತ್ತಿರುವುದು ತನ್ನ ಅತ್ತೆಯನ್ನು! ಅತ್ತೆ ತಾಜಾ ಇದೆಯೋ ಎಂದು ಮೀನಿನ ಕಣ್ಣು ಹಿಸುಕಿ ನೋಡುವುದು, ಮಹಜಾಂಗ್ ಆಟದಲ್ಲಿ ಸೋಲು ಹತ್ತಿರ ಬಂದಾಗ ಕೆಮ್ಮು ಬರಿಸಿಕೊಂಡು ಪಕ್ಕದವರ ಬಿಲ್ಲೆಗಳ ಮೇಲೆ ಕಣ್ಣಾಡಿಸುವುದು, ಸೊಸೆ ಮಾಡಿದ ಹುಳಿಮೀನಿನ ಸಾರನ್ನು ಒಂದು ಚಮಚ ಕುಡಿದು "ಹೂಂ, ಬಿಸಿಯಾಗಿದೆ" ಎನ್ನುವುದು. ಹೊಗಳಿಕೆ ಎಂದರೆ ಅಷ್ಟೇ, ಬಿಸಿಯಾಗಿದೆ! ವೀಡಿಯೊ ಹಿಡಿದವನು ಬೂನ್ ಲಾಯ್. ಅವನು ಕಾಣಿಸುವುದಿಲ್ಲ, ಆದರೆ ಹೊಟ್ಟೆ ಹಿಡಿದುಕೊಂಡು ನಗುವ ಅವನ ದನಿ ಮಗಳ ದನಿಗಿಂತ ಜೋರಾಗಿ ಕೇಳುತ್ತದೆ. ಆ ಹೊತ್ತಿಗೆ ಅತ್ತೆ ಮಹಡಿಯ ಮೇಲೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು.

ನೋಡುತ್ತಾ ನೋಡುತ್ತಾ ಗೈಕ್ ಸಿಮ್ ನಗು ನಿಲ್ಲಿಸಿದಳು.

"ಮೊದ್ಲು ಇದನ್ನ ಅಳಿಸ್ರಿ. ಬೇರೆ ಏನು ಉಳಿದ್ರೂ ಪರವಾಗಿಲ್ಲ."

ಅದಕ್ಕೆ ಕಾರಣವಿತ್ತು. ಮದುವೆಯಾಗಿ ಬಂದ ದಿನದಿಂದ ಸೊಸೆಯ ಅಡುಗೆ, ನಡಿಗೆ, ಬಟ್ಟೆ ಒಣಗಿಸುವ ರೀತಿ, ಎಲ್ಲದರಲ್ಲೂ ಹುಳುಕು ತೆಗೆದ ಅತ್ತೆ, ಕೊನೆಗಾಲದಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ಹೆತ್ತ ಹೆಣ್ಣುಮಕ್ಕಳನ್ನೆಲ್ಲ ಎದುರಿಗೆ ನಿಲ್ಲಿಸಿಕೊಂಡು, "ನಾನು ಸತ್ತ ಮೇಲೆ ನನ್ನ ಊದುಬತ್ತಿ ಬಟ್ಟಲು ಗೈಕ್ ಸಿಮ್ ಕೈಗೇ. ಇನ್ಯಾರೂ ಮುಟ್ಟಕೂಡ್ದು" ಎಂದುಬಿಟ್ಟಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ಪೂರ್ವಿಕರ ಪೀಠದ ಮುಂದೆ ಊದುಬತ್ತಿ ಹಚ್ಚುವವಳು ಅವಳೇ. ಆ ಒಂದು ಮಾತೇ ಗೈಕ್ ಸಿಮ್‌ಗೆ ಸಿಕ್ಕಿದ ಪದಕ, ಪ್ರಶಸ್ತಿ, ಪಿಂಚಣಿ ಎಲ್ಲ.

"ನಿಮ್ಮ ಅಕ್ಕಂದಿರ ಕೈಗೆ ಇದು ಸಿಕ್ಕಿದ್ರೆ ನನ್ನ ಕಥೆ ಮುಗೀತು" ಎಂದಳು.

"ನಾನಿಲ್ವೇನೇ!" ಎಂದು ಬೂನ್ ಲಾಯ್ ತೋಳು ಮಡಿಸಿದ.

ಮೊದಲ ದಾಳಿ ಡಿಲೀಟ್. ಆದರೆ ಚೂನ್ ಹೋನ ತಂಗಿ ಗಂಡ ಕಣ್ಣ ಮುಂದೆ ಬಂದು ಕೈಮುಗಿದ. ಎರಡನೆಯದು, ಎಲ್ಲವನ್ನೂ ಒರೆಸಿ ಹಾಕುವುದಕ್ಕೆಂದೇ ಇರುವ ಒಂದು ತಂತ್ರಾಂಶ. ಅದು ಮುಗಿಯಲು ಎರಡು ಗಂಟೆ ಬೇಕೆಂದಿತು. ಊಟ ಮಾಡಿ ಬರುವಷ್ಟರಲ್ಲಿ ಒಂಬತ್ತು ಗಂಟೆ ಎಂದಿತು. ನಿದ್ದೆ ಮಾಡಿ ಎದ್ದರೆ ಪರದೆ ಪೂರ್ತಿ ನೀಲಿಯಾಗಿ, ಕಂಪ್ಯೂಟರ್ ಮೌನವ್ರತ ಹಿಡಿದಿತ್ತು. ಏನು ಅಳಿಸಿದೆ, ಏನು ಉಳಿದಿದೆ, ದೇವರಿಗೇ ಗೊತ್ತು!

ಬೂನ್ ಲಾಯ್ ಸ್ಕ್ರೂಡ್ರೈವರ್ ತಂದು ಕಂಪ್ಯೂಟರಿನ ಹೊಟ್ಟೆ ಸೀಳಿ ಹಾರ್ಡ್ ಡಿಸ್ಕನ್ನು ಹೊರಗೆಳೆದ. ಮೇಲಿಂದ ಸುತ್ತಿಗೆಯ ಏಟು. ಡಿಸ್ಕಿಗೆ ಗೀರೂ ಬೀಳಲಿಲ್ಲ. ಸುತ್ತಿಗೆಯ ತಲೆಯೇ ಕಳಚಿ ಹೂಕುಂಡಕ್ಕೆ ಹೋಗಿ ಬಿತ್ತು. ಸುತ್ತಮುತ್ತ ನೋಡಿದ. ಅಡುಗೆಮನೆಯಲ್ಲಿ ಗೈಕ್ ಸಿಮ್ ಖಾರ ಕುಟ್ಟುವ ಕಲ್ಲಿನ ಗುಂಡು ಕಣ್ಣಿಗೆ ಬಿತ್ತು.

"ರೀ! ಅದು ನನ್ನ ಗುಂಡುಕಲ್ಲು!"

"ನಿನ್ನ ಮಾನ ಉಳಿಸ್ತಿದೀನಿ ಕಣೇ, ಸುಮ್ನಿರು!"

ಮಾನ ಉಳಿಯಿತೋ ಇಲ್ಲವೋ, ಗುಂಡುಕಲ್ಲಿನ ಒಂದು ಚಕ್ಕೆ ಎದ್ದು ಹೋಯಿತು, ಬೂನ್ ಲಾಯ್ ಮೊಣಕೈ ಹಿಡಿದು ಕುಣಿದ. ಡಿಸ್ಕು ಮಾತ್ರ ತಣ್ಣಗೆ ಕೂತಿತ್ತು.

ಅದು ಚೀನೀ ಪಂಚಾಂಗದ ಏಳನೆಯ ತಿಂಗಳು, ಸತ್ತವರೆಲ್ಲ ರಜೆಯ ಮೇಲೆ ಮನೆಗೆ ಬರುವ ತಿಂಗಳು. ಅಂದು ಸಂಜೆ ಬೂನ್ ಲಾಯ್ ಮನೆಯಲ್ಲಿ ಪೂರ್ವಿಕರಿಗೆ ಎಡೆ. ಪೀಠದ ಮುಂದೆ ಇಡೀ ಕೋಳಿ, ಹುಳಿಮೀನು, ಅನಾನಸು, ಚಹಾದ ಬಟ್ಟಲುಗಳು. ಮನೆಯ ಮುಂದೆ ತಗಡಿನ ಡ್ರಮ್ಮಿನಲ್ಲಿ ಬೆಂಕಿ. ಅದರಲ್ಲಿ ಪರಲೋಕದ ನೋಟಿನ ಕಂತೆ, ಕಾಗದದ ಬಟ್ಟೆಬರೆ, ಕಾಗದದ ಚಪ್ಪಲಿ ಒಂದೊಂದಾಗಿ ಹಾಕಿ ಸುಡಬೇಕು. ಸುಟ್ಟಿದ್ದೆಲ್ಲ ಅವರಿಗೆ ತಲುಪುತ್ತದೆ. ದಾರಿಯಲ್ಲಿ ಯಾರದೋ ಅನಾಥ ಭೂತ ಕಿತ್ತುಕೊಳ್ಳಬಾರದೆಂದು ಪ್ರತಿ ಕಂತೆಯ ಮೇಲೂ ತಾಯಿಯ ಹೆಸರನ್ನು ಬೂನ್ ಲಾಯ್ ದಪ್ಪ ಅಕ್ಷರದಲ್ಲಿ ಬರೆದಿದ್ದ.

ಬೆಂಕಿ ಚೆನ್ನಾಗಿ ಹತ್ತಿಕೊಂಡು ಧಗಧಗ ಉರಿಯುತ್ತಿತ್ತು. ಹೆಂಡತಿ ಅಕ್ಕಿಮದ್ಯ ತರಲು ಒಳಗೆ ಹೋಗಿದ್ದಳು. ಬೂನ್ ಲಾಯ್‌ನ ತಲೆಯಲ್ಲಿ ದೀಪ ಹತ್ತಿತು. ಅಯ್ಯೋ, ಇಷ್ಟೊಳ್ಳೆ ಬೆಂಕಿ ಇಟ್ಟುಕೊಂಡು ಸುತ್ತಿಗೆ ಯಾಕೆ? ಡಿಸ್ಕನ್ನು ಇಕ್ಕಳದಲ್ಲಿ ಹಿಡಿದು ನೋಟಿನ ಕಂತೆಗಳ ನಡುವೆ ಬಿಟ್ಟ, ಮೇಲೆ ಇನ್ನೆರಡು ಕಂತೆ ಮುಚ್ಚಿದ.

ಗೈಕ್ ಸಿಮ್ ಬಂದಳು. ಪದ್ಧತಿಯಂತೆ ಡ್ರಮ್ಮಿನ ಸುತ್ತ ಮದ್ಯದ ಗೆರೆ ಎಳೆದು ದಿಗ್ಬಂಧನ ಹಾಕಿದಳು. ಆಮೇಲೆ ಭಕ್ತಿಯಿಂದ ಕೈಮುಗಿದು ಜೋರಾಗಿ ಕೂಗಿದಳು:

"ಅತ್ತೇ! ಎಲ್ಲಾ ನಿಮಗೇ ಕಳಿಸಿದೀವಿ! ಒಂದೂ ಬಿಡದೆ ತಗೊಳ್ಳಿ! ನಿಧಾನವಾಗಿ ಬಿಚ್ಚಿ ನೋಡಿ!"

ಊಟಕ್ಕೆ ಕುಳಿತಾಗ ಬೂನ್ ಲಾಯ್ ಕೋಳಿಯ ತೊಡೆ ಕಚ್ಚುತ್ತಾ ಹೇಳಿದ, "ಆ ಡಿಸ್ಕಿನ ಚಿಂತೆ ಬಿಡು. ಕೆಲಸ ಮುಗೀತು. ಇನ್ನು ಭೂಮಿ ಮೇಲೆ ಯಾರೂ ಅದನ್ನ ನೋಡೋ ಹಾಗಿಲ್ಲ."

"ಹೌದಾ? ಹೇಗೆ ಮಾಡಿದ್ರಿ?"

"ಸುಟ್ಟೆ."

"ಎಲ್ಲಿ?"

"ಅಮ್ಮನ ಡ್ರಮ್ಮಿನಲ್ಲಿ."

ಗೈಕ್ ಸಿಮ್‌ಳ ಚಮಚ ತಟ್ಟೆಗೆ ಬಿತ್ತು.

"ರೀ," ಎಂದಳು ಮೆಲ್ಲಗೆ. "ಅಮ್ಮನ ಡ್ರಮ್ಮಿನಲ್ಲಿ ಸುಟ್ಟಿದ್ದು ಎಲ್ಲಿಗೆ ಹೋಗುತ್ತೆ?"

ಬೂನ್ ಲಾಯ್ ಬಾಯಲ್ಲಿದ್ದ ಕೋಳಿಯನ್ನು ಅಗಿಯುವುದು ನಿಲ್ಲಿಸಿದ.

"ಹೆಸರು ಬರೆದಿದ್ರಿ," ಗೈಕ್ ಸಿಮ್ ಮುಂದುವರಿಸಿದಳು. "ಗೆರೆ ನಾನೇ ಎಳೆದೆ. 'ಒಂದೂ ಬಿಡದೆ ತಗೊಳ್ಳಿ' ಅಂತ ನಾನೇ ಕೂಗಿದೆ. ರಿಜಿಸ್ಟರ್ಡ್ ಪೋಸ್ಟ್ ಮಾಡಿದ ಹಾಗಾಯ್ತಲ್ರೀ! ಮೂರು ಲೋಕದಲ್ಲಿ ಯಾರೊಬ್ಬರು ನೋಡಬಾರದು ಅಂತಿದ್ದೆನೋ, ಅವರ ಕೈಗೇ ಹೋಗಿ ಕೊಟ್ಟು ಬಂದ್ರಿ!"

ಬೂನ್ ಲಾಯ್ ಎದ್ದು ಓಡಿದ. ಡ್ರಮ್ಮಿನ ಬೂದಿ ಕೆದಕಿ ಇಕ್ಕಳದಲ್ಲಿ ಡಿಸ್ಕನ್ನು ಎತ್ತಿಕೊಂಡು ಬಂದ. ಕರ್ರಗಾಗಿತ್ತು, ಆದರೆ ಇಡಿಯಾಗಿತ್ತು.

"ನೋಡೇ, ಇಲ್ಲೇ ಇದೆ! ಎಲ್ಲಿಗೂ ಹೋಗಿಲ್ಲ!"

"ಎಡೆಗಿಟ್ಟ ಕೋಳಿನೂ ಇಲ್ಲೇ ಇದೆ. ನೀವೇ ತಿಂತಿದ್ರಿ. ಹಾಗಂತ ಅತ್ತೆ ತಿನ್ಲಿಲ್ವಾ?"

ಬೂನ್ ಲಾಯ್ ಡಿಸ್ಕನ್ನು ನೆಲಕ್ಕಿಟ್ಟು ವಾದದ ದಾರಿ ಬದಲಿಸಿದ.

"ಆಯ್ತು, ಹೋಯ್ತು ಅಂತಾನೇ ಇಟ್ಕೊ. ಅದನ್ನ ನೋಡೋಕೆ ಕಂಪ್ಯೂಟರ್ ಬೇಡ್ವಾ? ಅಮ್ಮನ ಹತ್ರ ಎಲ್ಲಿದೆ?"

"ಹೋದ ಸಲದ ಸಮಾಧಿ ಪೂಜೆಗೆ ಕಾಗದದ ಕಂಪ್ಯೂಟರ್ ಸುಟ್ಟೋರು ಯಾರು? 'ನಮ್ಮಮ್ಮ ಯಾರಿಗೇನು ಕಡಿಮೆ' ಅಂತ ದೊಡ್ಡ ಪರದೆದೇ ಬೇಕು ಅಂತ ಹುಡುಕಿ ತಂದೋರು ಯಾರು?"

"ಅಮ್ಮನಿಗೆ ಅದನ್ನ ಜೋಡಿಸೋಕೆ ಬರಲ್ಲ ಕಣೇ!"

"ನಿಮ್ಮ ಸೋದರಮಾವ ಇಲ್ವಾ ಅಲ್ಲಿ? ಜೀವನವೆಲ್ಲ ರೇಡಿಯೊ ರಿಪೇರಿ ಅಂಗಡಿ ಇಟ್ಕೊಂಡಿದ್ದವರು. ಅಕ್ಕ ಕರೆದ್ರೆ ಸ್ಕ್ರೂಡ್ರೈವರ್ ಹಿಡ್ಕೊಂಡು ಓಡಿ ಬರ್ತಾರೆ."

"ಹಾಗಾದ್ರೆ ಒಂದು ಕಾಗದದ ಸುತ್ತಿಗೆ ಮಾಡಿ ಸುಟ್ಟುಬಿಡೋಣ. ಅಮ್ಮ ನೋಡೋದ್ರೊಳಗೆ ಮಾವನೇ ಒಡೆದು ಹಾಕ್ಲಿ!"

ಇದು ತಮಾಷೆಯ ಮಾತು. ಆದರೆ ಗೈಕ್ ಸಿಮ್ ನಗಲಿಲ್ಲ. ಎದ್ದು ಹೋಗಿ ಪೀಠದಿಂದ ದೂರ, ಬಾಗಿಲ ಬಳಿ ನಿಂತಳು.

"ನಾಳೆಯಿಂದ ನಿಮ್ಮ ದೊಡ್ಡಕ್ಕ ಬಂದು ಊದುಬತ್ತಿ ಹಚ್ಲಿ. ಯಾವ ಮುಖ ಇಟ್ಕೊಂಡು ನಾನು ಅವರೆದುರು ನಿಲ್ಲಲಿ? ಅವರು ನನ್ನನ್ನ ನಂಬಿ ಕೊಟ್ಟ ಬಟ್ಟಲು ಅದು." ಮಾತು ಮುಗಿಯುವುದರೊಳಗೆ ಕಣ್ಣು ತುಂಬಿ ಬಂತು.

ಬೂನ್ ಲಾಯ್ ಪೀಠದ ಬಳಿಗೆ ನಡೆದ. ಇಷ್ಟು ವರ್ಷದಲ್ಲಿ ಅಮ್ಮನ ಬೈಗುಳಕ್ಕೆ ಒಂದು ದಿನವೂ ಅಳದವಳು ಇವಳು. ಇವತ್ತು ಅಳಿಸಿದ್ದು ಅಮ್ಮನಲ್ಲ, ತಾನು.

"ಬಾ ಇಲ್ಲಿ. ಅಮ್ಮನನ್ನೇ ಕೇಳಿಬಿಡೋಣ" ಎಂದು ಪೀಠದ ಮೇಲಿನ ತಟ್ಟೆಯಿಂದ ಎರಡು ಹಳೆಯ ನಾಣ್ಯಗಳನ್ನು ತೆಗೆದ. ಎರಡಕ್ಕೂ ಒಂದು ಬದಿಗೆ ಕೆಂಪು ಬಣ್ಣ, ಇನ್ನೊಂದು ಬದಿ ಬೋಳು. ಹಿರಿಯರನ್ನು ಕೇಳುವುದು ಹೀಗೆಯೇ. ಒಂದು ಕೆಂಪು ಒಂದು ಬೋಳು ಬಿದ್ದರೆ ಹೌದು. ಎರಡೂ ಬೋಳಾದರೆ ಇಲ್ಲ. ಎರಡೂ ಕೆಂಪಾದರೆ ಹೌದೂ ಅಲ್ಲ, ಇಲ್ಲವೂ ಅಲ್ಲ, ಹಿರಿಯರು ನಗುತ್ತಿದ್ದಾರೆ ಎಂದರ್ಥ.

"ಅಮ್ಮಾ, ಆ ವೀಡಿಯೊ ನೋಡಿದ್ಯಾ?"

ನಾಣ್ಯ ಬಿದ್ದವು. ಒಂದು ಕೆಂಪು, ಒಂದು ಬೋಳು.

"ನೋಡಿಬಿಟ್ರು!" ಗೈಕ್ ಸಿಮ್ ಬಾಗಿಲ ಬಳಿಯಿಂದ ಓಡಿ ಬಂದಳು. ತಾನೇ ನಾಣ್ಯಗಳನ್ನು ಆಯ್ದುಕೊಂಡಳು. "ಅತ್ತೇ, ತಪ್ಪಾಯ್ತು. ನನ್ನ ಮೇಲೆ ತುಂಬಾ ಸಿಟ್ಟು ಬಂತಾ?"

ಎರಡೂ ಕೆಂಪು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಕೈತಪ್ಪಿ ಹಾಗೆ ಬಿದ್ದಿರಬೇಕೆಂದು ಗೈಕ್ ಸಿಮ್ ಇನ್ನೊಮ್ಮೆ ಹಾಕಿದಳು. ಎರಡೂ ಕೆಂಪು. ಮತ್ತೊಮ್ಮೆ ಹಾಕಿದರೆ ಒಂದು ನಾಣ್ಯ ಗಿರ್ರನೆ ತಿರುಗುತ್ತಾ ಮೇಜಿನ ಕಾಲಿನವರೆಗೂ ಹೋಗಿ, ಯೋಚನೆ ಮಾಡಿದಂತೆ ತುಸು ವಾಲಾಡಿ, ಕೆಂಪಾಗಿಯೇ ಮಲಗಿತು. ಇನ್ನೊಂದು ಆಗಲೇ ಕೆಂಪಾಗಿ ಬಿದ್ದಿತ್ತು.

"ಅತ್ತೆ ನಗ್ತಿದ್ದಾರೆ ಕಣ್ರೀ," ಗೈಕ್ ಸಿಮ್ ಪಿಸುಗುಟ್ಟಿದಳು. "ಬದುಕಿದ್ದಾಗ ನನ್ನೆದುರು ಒಂದ್ಸಲನೂ ನಕ್ಕವರಲ್ಲ." ಅಳುತ್ತಿದ್ದವಳು ಅಳುತ್ತಲೇ ನಗತೊಡಗಿದಳು. ಎದ್ದು ಹೋಗಿ ಊದುಬತ್ತಿ ಹಚ್ಚಿ ಅತ್ತೆಯ ಬಟ್ಟಲಿಗೆ ತಾನೇ ಸಿಕ್ಕಿಸಿದಳು.

ಬೂನ್ ಲಾಯ್‌ಗೆ ಹೋದ ಜೀವ ಬಂದಂತಾಯಿತು. ಜೀವದ ಜೊತೆಗೆ ಜಂಬವೂ ವಾಪಸು ಬಂತು.

"ನೋಡಿದ್ಯಾ! ನಾನು ಸುಡದೇ ಇದ್ದಿದ್ರೆ ನಿಮ್ಮಿಬ್ಬರ ಮಧ್ಯೆ ಈ ಪ್ರೀತಿ ಎಲ್ಲಿರ್ತಿತ್ತು? ಅಮ್ಮಾ, ನಾನು ಒಳ್ಳೇ ಕೆಲಸ ಮಾಡಿದೆ ತಾನೇ?"

ಎರಡೂ ಬೋಳು!

ಗೈಕ್ ಸಿಮ್ ನಾಣ್ಯಗಳನ್ನು ಅವನಿಗಿಂತ ಮೊದಲು ಬಾಚಿಕೊಂಡಳು. ಈಗ ಅವಳಿಗೂ ಅತ್ತೆಗೂ ನೇರ ಸಂಪರ್ಕ. "ಅತ್ತೇ, ಇನ್ನೇನಾದ್ರೂ ಬೇಕಾ?" ಹೌದು. "ಇನ್ನೊಂದು ಕೋಳಿ?" ಇಲ್ಲ. "ಅಂಥದ್ದೇ ಇನ್ನೊಂದು ನಟನೆ?" ಹೌದು! "ನಿಮ್ಮದೇನಾ?" ಇಲ್ಲ. ಗೈಕ್ ಸಿಮ್ ಗಂಡನ ಕಡೆ ಓರೆಗಣ್ಣಲ್ಲಿ ನೋಡಿ, ನಿಧಾನವಾಗಿ ಕೇಳಿದಳು, "ನಿಮ್ಮ ಮಗಂದಾ?"

ನಾಣ್ಯ ನೆಲ ಮುಟ್ಟಿತೋ ಇಲ್ಲವೋ, ಹೌದು!

ಗೈಕ್ ಸಿಮ್ ಗಂಡನ ಅಂಗಿ ತೊಟ್ಟು, ಅದರೊಳಗೆ ದಿಂಬು ತುರುಕಿಕೊಂಡಳು. ಮಗಳು ಹುಟ್ಟುಹಬ್ಬಕ್ಕೆ ಕಳಿಸಿದ ಹೊಸ ಫೋನನ್ನು ಹಿಡಿದು ವೀಡಿಯೊ ಮಾಡುವ ಕೆಲಸ ಬೂನ್ ಲಾಯ್‌ನದೇ. ಗುಂಡುಕಲ್ಲು ಎತ್ತಿ ಗತ್ತಿನಿಂದ ಬೀಸುವುದು, ಏಟು ಬಿದ್ದೊಡನೆ ಮೊಣಕೈ ಹಿಡಿದು ಕುಣಿಯುವುದು, ಕೋಳಿಯ ತೊಡೆ ಕಚ್ಚುತ್ತಾ "ಚಿಂತೆ ಬಿಡು, ಕೆಲಸ ಮುಗೀತು" ಎನ್ನುವುದು. ಒಂದನ್ನೂ ಬಿಡಲಿಲ್ಲ ಮಹಾತಾಯಿ! ತಾನು ನಡೆಯುವುದು ಬಾತುಕೋಳಿಯ ಹಾಗೆಂದು ಬೂನ್ ಲಾಯ್‌ಗೆ ಆ ದಿನವೇ ಗೊತ್ತಾದದ್ದು. ಈ ಸಲ ವೀಡಿಯೊದಲ್ಲಿ ಅವನ ನಗು ಕೇಳಿಸಲಿಲ್ಲ.

"ಸಾಕು ಮಾರಾಯ್ತಿ! ಇದು ಯಾರ ಕಣ್ಣಿಗೂ ಬೀಳಬಾರದು, ಈಗಲೇ ಅಳಿಸಿಬಿಡ್ತೀನಿ!"

"ಅಳಿಸೋದಾ? ಮತ್ತೆ ಅತ್ತೆಗೆ ತಲುಪೋದು ಹೇಗ್ರೀ?" ಗೈಕ್ ಸಿಮ್ ಕೈ ಚಾಚಿದಳು. "ಇಲ್ಲಿ ಕೊಡಿ ಫೋನು. ಡ್ರಮ್ಮಿನಲ್ಲಿ ಕೆಂಡ ಇನ್ನೂ ಇದೆ."

ಬೂನ್ ಲಾಯ್ ಫೋನನ್ನು ಎದೆಗವಚಿಕೊಂಡು ಪೀಠದ ಕಡೆ ತಿರುಗಿದ. ಹೆತ್ತ ಕರುಳು, ಮಗನ ಕೈ ಬಿಟ್ಟೀತೇ? ನಾಣ್ಯಗಳನ್ನು ಕಣ್ಣಿಗೊತ್ತಿಕೊಂಡು ದೀನನಾಗಿ ಕೇಳಿದ:

"ಅಮ್ಮಾ, ನನ್ನ ಹೊಸ ಫೋನೂ ಬೇಕೇ ಬೇಕಾ?"

ಒಂದು ಕೆಂಪು, ಒಂದು ಬೋಳು.