ನನ್ನ ತಪ್ಪುಗಳಿಂದ ಪಾಸಾದ ಹುಡುಗಿ

ನನ್ನ ಕಿರಿಯ ತಮ್ಮನ ಮಗಳು ಇದುವರೆಗೆ ಒಂದು ಪಾಠವನ್ನೂ ಓದಿಲ್ಲ. ಓದಿದ್ದಾಳೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳು ಪಾಠಗಳ ನೆಪದಲ್ಲಿ ಜಗಳ ಆಡಿದ್ದಾಳೆ, ಅಷ್ಟೇ. ಪ್ರತಿ ಜಗಳದಲ್ಲೂ ಗೆದ್ದವಳು ಅವಳು, ಸೋತವಳು ನಾನು. ಹೀಗೆ ಮೂರು ವರ್ಷ ಸತತವಾಗಿ ಸೋತ ದಾಖಲೆ ನಮ್ಮ ಗೋಕಾಕದಲ್ಲಿ ಇನ್ನೊಬ್ಬರಿಗೆ ಇರಲಾರದು.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಕ್ರಮ ಎಂದರೆ ಕ್ರಮ. ನಾನು ಹುಕ್ಕೇರಿಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಓದಿದ್ದು ಮಠದ ಬಾಲಕಿಯರ ವಸತಿನಿಲಯದಲ್ಲಿ. ಅಲ್ಲಿ ಏಳುವುದಕ್ಕೊಂದು ಗಂಟೆ, ಸ್ನಾನಕ್ಕೊಂದು ಗಂಟೆ, ಪ್ರಾರ್ಥನೆಗೊಂದು, ಊಟಕ್ಕೊಂದು. ನಗುವುದಕ್ಕೂ ಒಂದು ಗಂಟೆ ಬಾರಿಸಿದ್ದರೆ ನಾನು ಅದನ್ನೂ ಕಲಿತಿರುತ್ತಿದ್ದೆ. ಗಂಟೆಯ ಸದ್ದು ಬಿಟ್ಟು ಹೊರಬಂದವಳು ಕೊರಳಿಗೆ ವಿಸಿಲ್ ಕಟ್ಟಿಕೊಂಡೆ. ಈಗ ಗೋಕಾಕದ ನನ್ನ ಮನೆಯಲ್ಲಿ ನಾನೊಬ್ಬಳೇ ಇದ್ದರೂ ಎಲ್ಲವೂ ಸಾಲಿನಲ್ಲಿ ನಿಂತಿರುತ್ತದೆ. ಟವೆಲ್ಲಿಗೂ ತನ್ನ ಗೂಟ ಯಾವುದೆಂದು ಗೊತ್ತು.

ಇಂಥ ಮನೆಗೆ ಒಂದು ದಿನ ನನ್ನ ತಮ್ಮ ಮಗಳನ್ನು ಕರೆದುಕೊಂಡು ಬಂದ. ಮೂಡಲಗಿ ಕಡೆ ಕಬ್ಬು, ಅರಿಷಿಣ ಬೆಳೆಯುವವನು ಅವನು. ಗೋಕಾಕದ ಹೈಸ್ಕೂಲಿಗೇ ಊರಿಂದ ಬಂದು ಹೋಗುತ್ತಿದ್ದ ಹುಡುಗಿ ಆಗಷ್ಟೇ ಒಂಬತ್ತನೇ ತರಗತಿಯನ್ನು ಹೇಗೋ ಏದುಸಿರು ಬಿಡುತ್ತಾ ದಾಟಿದ್ದಳು. ಗಣಿತ, ವಿಜ್ಞಾನ ಎರಡರಲ್ಲೂ ಅಂಕಗಳನ್ನು ಹೇಳುವಾಗ ನನ್ನ ತಮ್ಮ ದನಿ ತಗ್ಗಿಸಿದ.

"ಅಕ್ಕಾ, ಇಕಿನ್ನ ನಿನ್ನ ಕೈಯಾಗ ಕೊಡತೀನಿ. ಏನರ ಮಾಡು."

"ಏನ ಆಗಬೇಕಂತ ಇಕಿ?"

"ಅರಭಾವಿ ತೋಟಗಾರಿಕೆ ಕಾಲೇಜಿಗೆ ಹೋಗತಾಳಂತ. ಘಟಪ್ರಭಾಕ್ಕ ಹೋಗುಮುಂದ ಬಸ್ಸಿನ ಕಿಡಕ್ಯಾಗಿಂದ ಅಲ್ಲಿ ಗಿಡಾ ನೋಡಿ ನೋಡಿ ತಲಿ ಕೆಟ್ಟೈತಿ. ಈ ಮಾರ್ಕ್ಸ್ ಮ್ಯಾಲೆ ಅಲ್ಲಿ ಕಸಾ ತಗ್ಯಾಕ ಸೈತ ಕರಿಯಂಗಿಲ್ಲ."

ಹುಡುಗಿ ನೆಲ ನೋಡುತ್ತಾ ನಿಂತಿದ್ದಳು. ಎಸ್ಸೆಸ್ಸೆಲ್ಸಿ ಚೆನ್ನಾದರೆ ಪಿಯುಸಿಯಲ್ಲಿ ವಿಜ್ಞಾನ, ಪಿಯುಸಿ ಚೆನ್ನಾದರೆ ಸಿಇಟಿಗೊಂದು ಧೈರ್ಯ, ಸಿಇಟಿಯೂ ಚೆನ್ನಾದರೆ ಅರಭಾವಿ. ಒಂದರ ಹಿಂದೆ ಒಂದು ಬಾಗಿಲು, ಎಲ್ಲಕ್ಕೂ ಬೀಗ.

"ಬಿಟ್ಟ ಹೋಗು," ಎಂದೆ ನಾನು. "ನನ್ನ ಕೈಯಾಗ ಎಂಥೆಂಥಾವ್ರು ಸೀದಾ ಆಗ್ಯಾರ."

ಸೀದಾ ಆದವರೆಲ್ಲ ಕವಾಯತಿನ ಸಾಲಿನಲ್ಲಿ ಆದವರು, ಬೀಜಗಣಿತದಲ್ಲಿ ಅಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಮರುದಿನವೇ ಗೋಡೆಗೆ ವೇಳಾಪಟ್ಟಿ ಹಚ್ಚಿದೆ. ಕೆಂಪು ಶಾಯಿ ಗಣಿತಕ್ಕೆ, ಹಸಿರು ವಿಜ್ಞಾನಕ್ಕೆ, ನೀಲಿ ಉಳಿದದ್ದಕ್ಕೆ. ನಸುಕಿನಲ್ಲಿ ವಿಸಿಲ್ ಊದಿದರೆ ಹುಡುಗಿ ಎದ್ದಳು, ಬಾಜೂ ಮನೆಯ ಕಾಕೂ ಎದ್ದರು, ಅವರ ಯಜಮಾನರೂ ಎದ್ದು ಸುಮ್ಮನೆ ಅಂಗಳದಲ್ಲಿ ನಿಂತುಕೊಂಡರು. ಏನು ಹೇಳಿದರೂ ಹುಡುಗಿಯದು ಒಂದೇ ಮಾತು: "ಹೂಂ ಅತ್ತಿ." ಬೆನ್ನು ನೆಟ್ಟಗೆ ಮಾಡಿ ಪುಸ್ತಕದ ಮುಂದೆ ಕೂರುತ್ತಿದ್ದಳು. ಇಷ್ಟು ಸುಲಭವಾಗಿ ಮಕ್ಕಳು ಸುಧಾರಿಸುತ್ತಾರೆಂದು ಗೊತ್ತಿದ್ದರೆ ಮನೆಗೊಂದು ಬೋರ್ಡು ಹಾಕುತ್ತಿದ್ದೆ ಎಂದುಕೊಂಡೆ. ಸೋಮವಾರ ತೆರೆದ ಪುಟ ಶನಿವಾರವೂ ತೆರೆದೇ ಇತ್ತು ಎಂಬುದು ನನ್ನ ಗಮನಕ್ಕೆ ಬರಲಿಲ್ಲ. ಪ್ರತಿದಿನ ಅದರ ಧೂಳು ಒರೆಸಿದವಳು ಮಾತ್ರ ನಾನೇ.

ಮೊದಲ ಕಿರುಪರೀಕ್ಷೆ ಮುಗಿದ ಮೇಲೆ ಅವಳ ವಿಜ್ಞಾನದ ಮಾಸ್ತರರು ನನ್ನನ್ನು ಕರೆಸಿದರು.

"ನಿಮ್ಮ ಮನಿಗೆ ಬಂದ ಮ್ಯಾಲೆ ಹುಡುಗಿ ಒಂದ ವಿಷಯದಾಗ ಭಾಳ ಸುಧಾರಿಸ್ಯಾಳ್ರಿ, ಟೀಚರ್."

"ಯಾವದ್ರಾಗ್ರಿ ಸರ್?"

"ಬೆನ್ನ ಸೆಟಿಸಿ ಕುಂಡ್ರತಾಳ. ಮಾರ್ಕ್ಸ್ ಮೊದಲಿಗಿಂತ ಕಡಿಮಿ ಬಂದಾವ."

ಆ ದಿನ ನಾನು ಮನೆಗೆ ನಡೆದು ಬಂದ ರೀತಿಯನ್ನು ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ನೋಡಿದ್ದರೆ, 'ಟೀಚರ್, ಬೆನ್ನು ನೆಟ್ಟಗೆ' ಎನ್ನುತ್ತಿದ್ದರು.

ಗುಟ್ಟು ಬಯಲಾದದ್ದು ಅಡುಗೆಮನೆಯಲ್ಲಿ. ಹುಡುಗಿ ರೊಟ್ಟಿ ಬೇಯಿಸುತ್ತಿದ್ದಳು. ಕಾಕೂ ಹೆಪ್ಪಿಗೆ ಮೊಸರು ಕೇಳಲು ಬಂದಿದ್ದರು. ನಾನು ಎಂದಿನಂತೆ ಒಂದು ಉಪನ್ಯಾಸ ಕೊಟ್ಟೆ: ಹಾಲು ಮೊಸರಾಗುವುದು ಬೆಚ್ಚಗೆ ಮುಚ್ಚಿಡುವುದರಿಂದ, ಹೆಪ್ಪು ಬರೀ ಶಾಸ್ತ್ರಕ್ಕೆ.

"ತಪ್ಪು," ಎಂದಿತು ಒಲೆಯ ಕಡೆಯಿಂದ ಒಂದು ದನಿ.

ನನಗೆ ಆ ಶಬ್ದವನ್ನು ನೌಕರಿಯುದ್ದಕ್ಕೂ ಯಾರೂ ಹೇಳಿರಲಿಲ್ಲ. "ಏನಂದಿ?"

"ಬರೇ ಬೆಚ್ಚಗ ಇಟ್ಟರ ಹಾಲು ಕೆಡತೈತ್ರಿ ಅತ್ತಿ. ಹೆಪ್ಪಿನ್ಯಾಗ ಏನೋ ಜೀವ ಇರತಾವು. ಅವ ಮಾಡತಾವು."

"ಜೀವ ಇದ್ದರ ಓಡ್ಯಾಡತಿದ್ವು. ನಾ ಎಷ್ಟ ವರ್ಷದಿಂದ ಮೊಸರ ಉಣ್ಣಾಕತ್ತೇನಿ, ಒಂದೂ ಕಂಡಿಲ್ಲ."

ಹುಡುಗಿಯ ಮೂಗು ಅರಳಿತು. ಕೈ ಒರೆಸಿಕೊಂಡು ಒಳಗೆ ಓಡಿದಳು. ಪುಸ್ತಕ ಹಿಡಿದು ಬಂದು, ನಿಂತುಕೊಂಡೇ ಪುಟ ತಿರುವಿ, ಒಂದೊಂದು ವಾಕ್ಯವನ್ನೂ ನನ್ನ ಮುಖಕ್ಕೆ ಎಸೆದಂತೆ ಓದಿದಳು. ನಾನು ಸೋಲೊಪ್ಪಲಿಲ್ಲ. ಅವಳು ಮುಂದಿನ ಪುಟಕ್ಕೆ ಹೋದಳು. ಅದಕ್ಕೂ ಒಪ್ಪಲಿಲ್ಲ. ಹೆಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು. ಸೂಕ್ಷ್ಮಜೀವಿಗಳ ಅಧ್ಯಾಯ ಮುಗಿಯಿತು.

ಆ ವಾಸನೆಯ ನಡುವೆ ನನಗೆ ಜ್ಞಾನೋದಯವಾಯಿತು. ಈ ಹುಡುಗಿಗೆ ಪಾಠ ಹೇಳುವವರು ಬೇಕಿಲ್ಲ. ಪೂರ್ಣ ಆತ್ಮವಿಶ್ವಾಸದಿಂದ ತಪ್ಪು ಹೇಳುವವರೊಬ್ಬರು ಬೇಕು. ನನಗಿಂತ ಅರ್ಹರು ಎಲ್ಲಿ ಸಿಗಬೇಕು? ಎಷ್ಟು ಮೀಟಿಂಗುಗಳಲ್ಲಿ ಕೂತು ಬಂದವಳು ನಾನು!

ಅಂದಿನಿಂದ ವಿಸಿಲ್ ಗೂಟಕ್ಕೆ ಹೋಯಿತು. ಮಳೆ ಎಲೆಯ ಮೇಲೆ ಬೀಳುವುದರಿಂದ ಗಿಡ ನೀರು ಕುಡಿಯುವುದು ಎಲೆಯಿಂದಲೇ ಎಂದೆ. ಅವಳು ಬೇರಿನ ಪಾಠ ಮುಗಿಸಿದಳು. ಒಂದಕ್ಕಿಂತ ಸಣ್ಣ ಸಂಖ್ಯೆಯೇ ಇಲ್ಲ ಎಂದೆ. ಭಿನ್ನರಾಶಿಯನ್ನೂ ಋಣಸಂಖ್ಯೆಯನ್ನೂ ಒಟ್ಟಿಗೆ ತಂದು ನನ್ನ ಮೇಲೆ ಸುರಿದಳು. ಒಂದು ಸಂಜೆ ನಮ್ಮ ದನಿ ಎಷ್ಟು ಏರಿತ್ತೆಂದರೆ ಕಾಕೂ ಸೌಟು ಹಿಡಿದುಕೊಂಡೇ ಓಡಿಬಂದರು.

"ಏನ್ರಿ ಟೀಚರ್, ಹೊಲದ ಹಿಸ್ಸೆದ ಜಗಳೇನ್ರಿ?"

"ಅಲ್ರಿ ಕಾಕೂ. ನೀರಾಗ ಇಟ್ಟ ಕೋಲು ಡೊಂಕ ಆಗತೈತಿ ಅಂತ ನಾ. ಬರೇ ಹಂಗ ಕಾಣತೈತಿ ಅಂತ ಇಕಿ."

ಕಾಕೂ ಸೌಟನ್ನು ಗಲ್ಲಕ್ಕೆ ಊರಿ ಯೋಚಿಸಿದರು. "ನೀರಾಗ ನೆನದರ ಕೋಲು ಡೊಂಕ ಆಗೂದ ಖರೆನ ಐತಲ್ರಿ."

ಇಬ್ಬರನ್ನು ಸೋಲಿಸಬೇಕಾದ್ದರಿಂದ ಹುಡುಗಿ ಬೆಳಕಿನ ಪಾಠವನ್ನು ಎರಡು ಸಲ ಓದಿದಳು. ಕಾಕೂ ನಿಜವಾಗಿಯೂ ತಪ್ಪು ತಿಳಿದಿದ್ದರು, ನನ್ನದು ನಟನೆ ಎಂದು ನಾನು ಒಳಗೊಳಗೇ ಬೀಗಿದೆ. ಆಮೇಲೆ ಪುಸ್ತಕ ತೆಗೆದು ನೋಡಿದಾಗ ತಿಳಿಯಿತು, ನಾನು ನಟನೆಯ ಲೆಕ್ಕಕ್ಕೆ ಸೇರಿಸಿಕೊಂಡಿದ್ದ ಹಿಂದಿನ ಎಷ್ಟೋ ತಪ್ಪು ಮಾತುಗಳನ್ನು ಈ ವಯಸ್ಸಿನವರೆಗೂ ನಾನು ನಿಜವೆಂದೇ ನಂಬಿದ್ದೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಪ್ರಥಮ ದರ್ಜೆ, ವಿಜ್ಞಾನದಲ್ಲಿ ತರಗತಿಯ ಮುಂದಿನ ಸಾಲು. ನನ್ನ ತಮ್ಮ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲೇ ಕರದಂಟು ಕೊಂಡು ನಮ್ಮ ಮನೆಗೇ ತಂದ.

"ಏನ ಮಾಡಿದಿ ಅಕ್ಕಾ?"

"ಏನಿಲ್ಲ. ಏನೂ ತಿಳೀದವರಂಗ ಇದ್ದೆ."

"ಅದ ಮೊದಲಿಂದಾನೂ ಐತಲ್ಲ," ಎಂದು ಕರದಂಟಿನ ದೊಡ್ಡ ತುಂಡನ್ನು ತಾನೇ ಬಾಯಿಗೆ ಹಾಕಿಕೊಂಡ.

ಪಿಯುಸಿಯಲ್ಲಿ ಒಂದು ತೊಂದರೆ ಶುರುವಾಯಿತು. ನನ್ನ ಅಜ್ಞಾನ ಸಾಲದಾಯಿತು. ಅಲ್ಲಿನ ಪುಸ್ತಕಗಳ ಬಗ್ಗೆ ತಪ್ಪು ಹೇಳಬೇಕಾದರೂ ಒಂದಿಷ್ಟು ತಿಳಿದಿರಬೇಕಲ್ಲ? ಹಾಗಾಗಿ ಬೆಳಗಿನ ವಾಕಿಂಗಿಗೆ ಹೋಗುವಾಗ ಅವಳ ಪುಸ್ತಕವನ್ನು ಕೈಚೀಲದಲ್ಲಿ ಒಯ್ದು, ಹೊಳೆದಂಡೆಯ ಮೆಟ್ಟಿಲ ಮೇಲೆ ಕೂತು ಓದತೊಡಗಿದೆ. ಅವಳ ಅಂಕಗಳು ಏರಿದವು. ಕೂತೇ ವಾಕಿಂಗ್ ಮಾಡಿದ್ದರಿಂದ ನನ್ನ ತೂಕವೂ ಏರಿತು.

ಅದಕ್ಕಿಂತ ದೊಡ್ಡ ಅನಾಹುತ ಒಂದು ಸಂಜೆ ಆಯಿತು. ಜೀವಕೋಶದ ಬಗ್ಗೆ ಏನೋ ಹೇಳಿ, ದಾಳಿಗೆ ಕಾದು ಕೂತೆ. ದಾಳಿ ಬರಲಿಲ್ಲ. ಹುಡುಗಿ ಪುಸ್ತಕ ಮುಚ್ಚಿ, ಮೋಸ ಹೋದವಳಂತೆ ನನ್ನನ್ನು ನೋಡಿದಳು.

"ಅತ್ತಿ, ಇದು ಖರೆ ಐತ್ರಿ."

"ಹೌದೇನ?"

"ನೀವೂ ಶಾಣ್ಯಾ ಆದ್ರ ನಾ ಯಾರ ಜೋಡಿ ಓದಬೇಕ್ರಿ?"

"ಇನ್ನ ಮ್ಯಾಲೆ ಹಂಗ ಆಗಂಗಿಲ್ಲವ್ವ," ಎಂದು ಮಾತು ಕೊಟ್ಟೆ. ವೇಳಾಪಟ್ಟಿಯಲ್ಲಿ ನನ್ನ ಹೆಸರಿಗೆ ಒಂದು ಹೊಸ ಸಾಲು ಬಿತ್ತು: ಮಧ್ಯಾಹ್ನ, ತಪ್ಪುಗಳ ತಯಾರಿ.

ಪಿಯುಸಿ ಮುಗಿಯಿತು, ಸಿಇಟಿಯೂ ಆಯಿತು. ಆದರೆ ರೈತರ ಮಕ್ಕಳ ಕೋಟಾದಲ್ಲಿ ಸೀಟು ಕೇಳುವವರಿಗೆ ಇನ್ನೊಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಒಕ್ಕಲುತನದ ಸಾಮಾನು, ರೋಗ ಬಿದ್ದ ಎಲೆ ಮುಂದಿಟ್ಟು ಕೇಳುತ್ತಾರೆ. ಅದಕ್ಕೆ ಧಾರವಾಡಕ್ಕೆ ಹೋದೆವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಒಂದೇ ಮಂತ್ರ ಜಪಿಸಿದೆ: "ಅವರ ಏನ ಅಂದರೂ ಹೂಂ ಅನ್ನು. ಜಗಳಾ ತಗೀಬ್ಯಾಡ." ಮೂರು ವರ್ಷ ಕುಸ್ತಿ ಕಲಿಸಿ, ಕಣಕ್ಕಿಳಿಯುವ ಹೊತ್ತಿಗೆ ನಮಸ್ಕಾರ ಮಾಡಿ ಬಾ ಎಂದಂತಾಯಿತು.

ಅವಳು ಹೊರಬಂದಾಗ ಕೇಳಿದೆ, "ಎಲ್ಲಾ ಗುರ್ತ ಹಿಡಿದಿ?"

"ಹಿಡದ್ನಿ."

"ಜಗಳಾ?"

"ಒಂದ ಸಣ್ಣದು."

"ಯಾರ ಜೋಡಿ?"

"ಪರೀಕ್ಷಾ ಮಾಡೋ ಸರ್ ಜೋಡಿ. ಅರಿಷಿಣದ ಎಲಿ ತೋರಿಸಿ, ಇದಕ್ಕ ಯಾವ ರೋಗ ಅಂದ್ರು. ರೋಗ ಅಲ್ರಿ, ಬಿಸಲಿಗೆ ಸುಟ್ಟೈತಿ ಅಂದೆ. ಹೆಂಗ ಹೇಳತಿ ಅಂದ್ರು. ನಮ್ಮ ಹೊಲದಾಗ ಬದುವಿನ ಗಿಡಾ ಕಡದ ವರ್ಷ ಹಿಂಗ ಆಗಿತ್ರಿ, ನೆರಳಿನ್ಯಾಗಿದ್ದ ಸಾಲಿಗೆ ಆಗಿದ್ದಿಲ್ಲ ಅಂದೆ."

"ಆಮ್ಯಾಲೆ?"

"ನಕ್ಕರು."

"ಹೆಂಗ ನಕ್ಕರು?"

ವಾಪಸು ಬರುವಾಗ ಬಸ್ಸಿನಲ್ಲಿ ನಾನು ನಗುವಿನ ಎಲ್ಲ ಬಗೆಗಳನ್ನೂ ನಕ್ಕು ತೋರಿಸಿದೆ. "ಹಿಂಗ ನಕ್ಕರೇನ? ಇಲ್ಲಾ ಹಿಂಗ, ಮೂಗಿನ್ಯಾಗ?" ಮುಂದಿನ ಸೀಟಿನವರು ತಿರುಗಿ ನೋಡಿದರು, ಹಿಂದಿನವರು ಬೇರೆ ಸೀಟಿಗೆ ಹೋದರು. ಹುಡುಗಿ ಮಾತ್ರ ಒಂದಕ್ಕೂ ಹೌದು ಎನ್ನಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು.

ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ಅರಭಾವಿ ಸಿಗಲಿಲ್ಲ. ಆ ದಿನಗಳಲ್ಲಿ ನಾನು ಭೂಮಿ ಚಪ್ಪಟೆಯಾಗಿದೆ ಎಂದರೂ ಅವಳು "ಹೂಂ ಅತ್ತಿ" ಎಂದಳು. ನಾನು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ, ಅದಕ್ಕೂ ಯಾರೂ ಜಗಳ ತೆಗೆಯಲಿಲ್ಲ. ಎರಡನೇ ಸುತ್ತಿನಲ್ಲಿ ಸೀಟು ಸಿಕ್ಕಿತು. ಮೊಬೈಲಿನಲ್ಲಿ ಅರಭಾವಿ ಎಂಬ ಹೆಸರನ್ನು ನಾನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದೆ. ಕಾಕೂ ಸೌಟು ಬಿಟ್ಟು ಬಂದರು.

ಕಾಲೇಜಿನ ಮೊದಲ ದಿನ ಅವಳನ್ನು ಬಸ್ಸು ಹತ್ತಿಸಲು ಸ್ಟ್ಯಾಂಡಿಗೆ ಹೋದೆ. ಅರಭಾವಿ ಮೇಲೆ ಹೋಗುವ ಮೂಡಲಗಿ ಬಸ್ಸು ಬಂತು. ಅವಳು ಹತ್ತಲಿಲ್ಲ. ಬಸ್ಸು ಹೋಯಿತು. ನನ್ನ ಕಣ್ಣೆದುರಿಗೇ ಒಂದು ಬಸ್ಸು ತಪ್ಪಿದ್ದು ಅದೇ ಮೊದಲು. ಬೈಯಬೇಕೆಂದು ತಿರುಗಿದೆ.

"ಅತ್ತಿ, ಅಲ್ಲಿ ನಾ ಏನರ ಕೇಳಿದ್ರ ನಗತಾರೇನ್ರಿ?"

ಆಮೇಲೆ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನಿಂತು ಹೇಳಿದಳು. ಹಳ್ಳಿಯ ಸಾಲೆಯಿಂದ ಹೈಸ್ಕೂಲಿಗೆ ಬಂದ ಹೊಸತರಲ್ಲಿ ಒಂದು ಪ್ರಶ್ನೆ ಕೇಳಿದ್ದಳಂತೆ. ಹುಣಸೆ ಗಿಡದ ಎಲೆ ಸಂಜೆಗೆ ಮಡಚಿಕೊಳ್ಳುತ್ತದಲ್ಲ, ಹೊತ್ತು ಮುಳುಗಿದ್ದು ಅದಕ್ಕೆ ಹೇಗೆ ತಿಳಿಯುತ್ತದೆ ಎಂದು. ಇಡೀ ತರಗತಿ ನಕ್ಕಿತಂತೆ. ಮರುದಿನವೂ, ಅದರ ಮರುದಿನವೂ ಅವಳನ್ನು ನೋಡಿ ಹುಡುಗರು ಕೈ ಮಡಚಿ ತೋರಿಸಿದರಂತೆ.

"ಸಾಲ್ಯಾಗ ಬಾಯಿ ಮುಚ್ಚಿಬಿಟ್ಟೆ ಅತ್ತಿ. ಆಮ್ಯಾಲೆ ಪುಸ್ತಕಾ ತಗದರೂ ಏನೂ ಒಳಗ ಹೋಗತಿದ್ದಿಲ್ಲ."

ಮುಂದಿನ ಬಸ್ಸು ಬಂತು. ಮನೆಯಲ್ಲಿ ಉಡುವ ಸೀರೆ, ಸವೆದ ಚಪ್ಪಲಿ, ಕೊರಳಲ್ಲಿ ಬೀಗದ ಕೈ. ಹಾಗೆಯೇ ಅವಳ ಹಿಂದೆ ಹತ್ತಿದೆ. ಹೆಂಗಸರ ಉಚಿತ ಟಿಕೆಟ್ಟಿಗೆ ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದ. ಅವಳ ಹತ್ತಿರ ಇತ್ತು, ನನ್ನದು ಮನೆಯಲ್ಲಿ ತನ್ನ ಜಾಗದಲ್ಲಿ ಇತ್ತು. ಕುಪ್ಪಸದಲ್ಲಿ ಮಡಚಿಟ್ಟ ನೋಟು ತೆಗೆದು ಅರಭಾವಿಗೆ ಟಿಕೆಟ್ ಕೊಂಡೆ.

"ಇವತ್ತ ಆ ಹುಣಸಿ ಎಲಿದು ಕೇಳು," ಎಂದೆ.

"ನಕ್ಕರ?"

"ನಗಲಿ. ಸಂಜಿಕ ಬಂದ ನನಗ ಹೇಳು. ನನಗೂ ಗೊತ್ತಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ಖರೇನ ಗೊತ್ತಿಲ್ಲೇನ್ರಿ?"

"ಖರೇನ ಗೊತ್ತಿಲ್ಲವ್ವ."

ಅರಭಾವಿ ಬಂತು. ಅವಳು ಇಳಿದಳು. ಕಾಲೇಜಿನ ಗೇಟಿನ ಕಡೆ ನಡೆಯುತ್ತಾ ಪಕ್ಕದಲ್ಲಿ ಹೋಗುತ್ತಿದ್ದ ಯಾವುದೋ ಹುಡುಗಿಗೆ ಆಗಲೇ ಏನೋ ಕೇಳುತ್ತಿದ್ದಳು. ಆ ಹುಡುಗಿ ನಿಂತು ಉತ್ತರ ಹೇಳುತ್ತಿದ್ದಳು. ಬಸ್ಸು ಹೊರಟಿತು. ಎಷ್ಟೋ ಹೊತ್ತಾದ ಮೇಲೆ ಕಂಡಕ್ಟರ್ ಬಂದು ನನ್ನ ಪಕ್ಕದಲ್ಲಿ ನಿಂತ.

"ಅಕ್ಕಾರ, ನೀವೂ ಅರಭಾವ್ಯಾಗ ಇಳೀಬೇಕಿತ್ತಲ್ರಿ. ಈಗ ಮೂಡಲಗಿ ಬಂತು."

"ಗೊತ್ತೈತಿ," ಎಂದೆ.

ಗೊತ್ತಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಇಳಿದೆ.