ನಮ್ಮ ಬಡಾವಣೆಗೆ ನೀರು ಬಿಡುತ್ತಿದ್ದ ನಾನು

ನನಗೆ ಅಧಿಕಾರದ ಆಸೆಯಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಯಾಕೆಂದರೆ ಹನ್ನೆರಡು ವರ್ಷ ನಾನೂ ಅದನ್ನೇ ಹೇಳಿಕೊಂಡು ತಿರುಗಿದವನು. ಗುಮಾಸ್ತನಾಗಿ ದುಡಿದ ಕಚೇರಿಯಲ್ಲಿ ನಾನು ಕರೆದರೆ ಜವಾನನೂ ತಿರುಗಿ ನೋಡುತ್ತಿರಲಿಲ್ಲ. ನಿವೃತ್ತನಾಗಿ ಸತ್ತೂರಿನ ಹತ್ತಿರದ ಈ ಬಡಾವಣೆಗೆ ಬಂದ ಮೇಲೆ ಇಲ್ಲಿನ ಸಂಘದವರು ನಮ್ಮದೇ ಬೋರ್‌ವೆಲ್ಲು, ಟ್ಯಾಂಕು ನೋಡಿಕೊಳ್ಳುವ ಕೆಲಸವನ್ನೂ ಮೊಳದುದ್ದದ ವಾಲ್ವಿನ ಕೀಲಿಯನ್ನೂ ನನ್ನ ಕೈಗಿತ್ತರು. ಅಂದಿನಿಂದ ನಾನೂ ಒಬ್ಬ ಮನುಷ್ಯನಾದೆ.

ಬೆಳಿಗ್ಗೆ ಆರಕ್ಕೆ ನಮ್ಮ ಮೇಲಿನ ಓಣಿಗೆ ನೀರು, ಆರೂವರೆಗೆ ಅದನ್ನು ಬಿಗಿಯಾಗಿ ಮುಚ್ಚಿ ಕೆಳಗಿನ ಓಣಿಗೆ. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ದಾರಿಯುದ್ದಕ್ಕೂ "ಬರ್ರಿ ಸರ, ಚಹಾ ತಗೊಂಡು ಹೋಗ್ರಿ" ಎಂಬ ಉಪಚಾರ. ಒಮ್ಮೆ ಕೆಳಗಿನ ಓಣಿಯ ಶಾಂತಕ್ಕ ಪೈಪು ಹಿಡಿದು ಕಾರು ತೊಳೆಯುವುದನ್ನು ಕಂಡು, ಇಡೀ ಓಣಿಗೇ ಎರಡು ದಿನ ನೀರು ಬಂದ್ ಮಾಡಿಬಿಟ್ಟೆ. ಆಕೆ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬಂದು "ತಪ್ಪಾತ್ರಿ ಸರ" ಅಂದಾಗ ಕ್ಷಮಿಸಿದೆ. ಹೋಳಿಗೆ ನೋಡಿ ಅಲ್ಲ, ಪಶ್ಚಾತ್ತಾಪ ನೋಡಿ.

ಹೋದ ವರ್ಷ ಪಾಲಿಕೆಯವರು ನಮ್ಮ ನೀರಿನ ವ್ಯವಸ್ಥೆಯನ್ನು ತಾವೇ ವಹಿಸಿಕೊಳ್ಳುತ್ತೇವೆ ಎಂದಾಗ ಬಡಾವಣೆಯೆಲ್ಲ ಕುಣಿಯಿತು. ನಾನು ಮಾತ್ರ ಕೀಲಿಯನ್ನು ಒರೆಸಿ ಒರೆಸಿ ಇಡುತ್ತ ಕೂತೆ. "ಇನ್ನರೆ ಮುಂಜಾನೆ ಮನ್ಯಾಗ ಕುಂತು ಚಹಾ ಕುಡೀರಿ" ಎಂದಳು ಹೆಂಡತಿ ಸುಮಿತ್ರಾ. ಕುರ್ಚಿ ಹೋಗುವ ನೋವು ಅವಳಿಗೇನು ಗೊತ್ತು? ಸಂಘದ ಸಭೆಯಲ್ಲಿ ಎದ್ದು ನಿಂತು, "ಈ ವಾಲ್ವಿನ ಮರ್ಮ ಹೊರಗಿನವರಿಗೆ ತಿಳಿಯಂಗಿಲ್ರಿ, ನಾಳೆ ಎರಡೂ ಓಣಿ ಬಡದಾಡತಾವ ನೋಡ್ರಿ" ಎಂದು ಹೆದರಿಸಿದೆ. ಎಲ್ಲರೂ ನಗುನಗುತ್ತ ಚಪ್ಪಾಳೆ ತಟ್ಟಿದರು. ನನ್ನ ಸೇವೆಗೆ ಸಂದ ಗೌರವ ಅಂದುಕೊಂಡು ಕೂತೆ.

ವಹಿಸಿಕೊಳ್ಳುವ ದಿನ ಪಾಲಿಕೆಯ ತರುಣಿ ಇಂಜಿನಿಯರ್ ಬಂದು ಎರಡೂ ವಾಲ್ವು ಬಿಚ್ಚಿಸಿದಳು. ಒಳಗೆ ಇಣುಕಿ, ಪಾಪ, ಮೆಲ್ಲಗೇ ಹೇಳಿದಳು: "ಸರ, ಒಳಗ ನೀರು ತಡಿಯೋ ತಟ್ಟಿ ಕಳಚಿ ಹದಿನೈದು ವರ್ಷರೆ ಆಗಿರಬೇಕ್ರಿ. ನೀವು ತಿರುವಿದರೂ ಅಷ್ಟ, ಬಿಟ್ಟರೂ ಅಷ್ಟ. ನೀರು ಎರಡೂ ಓಣಿಗೆ ಕೂಡೇ ಹೋಗತಿತ್ತು."

ಮನೆಯ ನಳದ ಉಸಾಬರಿಗೆ ನಾನೆಂದೂ ಹೋದವನಲ್ಲ, ಸುಮಿತ್ರಾಳೂ ಹೇಳಿದವಳಲ್ಲ. ಸುತ್ತ ನೆರೆದವರ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ. ನಾನು ಶಾಂತಕ್ಕನ ಕಡೆ ತಿರುಗಿದೆ.

"ಹಂಗಾರ ಆ ಎರಡು ದಿನ ನಿಮ್ಮ ಮನಿಗೆ ನೀರು ಬಂದಿತ್ತೇನ್ರಿ?"

"ಬಂದಿತ್ರಿ."

"ಮತ್ತ ಹೋಳಿಗಿ ಯಾಕ ತಂದ್ರಿ?"

"ನೀವು ಸಿಟ್ಟಾಗಿದ್ರೆಲ್ರಿ ಸರ" ಎಂದಳು ಆಕೆ, ಇದೂ ಕೇಳುವ ಮಾತೇ ಎಂಬಂತೆ.

ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಅದರ ಬೆನ್ನಿಗೇ ನಗು ಬಂತು, ಕಣ್ಣೂ ಒದ್ದೆಯಾದವು. ಇಷ್ಟು ವರ್ಷ ಇಡೀ ಬಡಾವಣೆ ಸೇರಿ ನನ್ನನ್ನು ಸಾಕಿತ್ತಲ್ಲ ಎಂದು ಖುಷಿಯೇ ಆಯಿತು. ಇಂಜಿನಿಯರ್ ಎರಡೂ ಕಡೆ ಹೊಸ ವಾಲ್ವು ಕೂಡಿಸಿ, "ಕೀಲಿ ನಿಮ್ಮ ಹತ್ರನ ಇರಲಿ ಸರ, ನಮ್ಮವರು ಬರೋದು ತಡ ಆದ್ರ ಬೇಕಾಗತದ" ಎಂದು ಹೇಳಿ ಹೋದಳು.

ಮರುದಿನ ಪಾಲಿಕೆಯ ನೀರು ಎರಡೂ ಓಣಿಗೆ ಧಾರಾಳವಾಗಿ ಬರುತ್ತಿತ್ತು. ನನ್ನದೇನೂ ಕೆಲಸವಿರಲಿಲ್ಲ. ಆದರೂ ಆರೂವರೆಗೆ ಕಾಲು ತಾವಾಗಿಯೇ ವಾಲ್ವಿನ ಗುಂಡಿಗೆ ನಡೆದವು, ಕೈ ತಾನಾಗಿಯೇ ಮೇಲಿನ ಓಣಿಯದನ್ನು ಬಿಗಿಯಾಗಿ ತಿರುವಿತು. ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದೇನೆ, ಬಚ್ಚಲಿನಿಂದ ಸುಮಿತ್ರಾಳ ದನಿ: "ಏನ್ರೀ, ತಲಿಗೆ ಶಾಂಪೂ ಹಚ್ಚಿಕೊಂಡೇನಿ, ನಳ ನಿಂತದ ನೋಡ್ರಿ. ಕಣ್ಣು ಉರಿಯಾಕತ್ತಾವು, ಲಗೂ ಏನರೆ ಮಾಡ್ರಿ."

ಹನ್ನೆರಡು ವರ್ಷದ ಸೇವೆಯಲ್ಲಿ ನಾನು ಖರೇ ನೀರು ನಿಲ್ಲಿಸಿದ್ದು ಅದೇ ಮೊದಲು. ಕೀಲಿ ಹಿಡಿದು ಓಡುವ ಮುಂಚೆ ಎರಡು ಕ್ಷಣ ಅಲ್ಲೇ ನಿಂತು ಆನಂದಪಟ್ಟೆ.