ತೋಳಕ್ಕೆ ಹೊಟ್ಟೆ ಬರೆದವರು ಯಾರು?

ನನಗೆ ಬರುವುದು ಹೆಸರು ಬರೆಯುವಷ್ಟು ಅಕ್ಷರ, ಅದರಲ್ಲೂ ಒತ್ತು ಬಂದರೆ ಕೈ ನಿಲ್ಲುತ್ತದೆ. ಪ್ರಶ್ನೆ ಕೇಳಲಿಕ್ಕೆ ಬಾಯಿ ಇದ್ದರೆ ಸಾಕು, ಅದನ್ನು ಶಿವ ನನಗೆ ಧಾರಾಳ ಕೊಟ್ಟಿದ್ದಾನೆ. ನಮ್ಮ ಮನೆಯವರು ಇದ್ದಾಗ ಈ ಮಾತನ್ನು ದಿನಾ ಹೇಳುತ್ತಿದ್ದರು, ಹೊಗಳಿ ಅಲ್ಲ.

ನಿಜಾಮರ ಆಳ್ವಿಕೆ ಮುಗಿದು ನಾಲ್ಕಾರು ವರ್ಷ ಆಗಿತ್ತು. ಲಿಂಗಸುಗೂರು ಕಡೆಯಿಂದ ಒಬ್ಬ ಹರೆಯದ ಪಾದ್ರಿ ಮಸ್ಕಿಗೆ ಜೀಪಿನಲ್ಲಿ ಬಂದು, ಸಂತೆಯ ಬಯಲಲ್ಲಿ ಬಿಳಿ ಬಟ್ಟೆ ಕಟ್ಟಿ ಸಿನಿಮಾ ತೋರಿಸಿದ. ಅದರಲ್ಲಿ ಮನುಷ್ಯರು ವೇಷ ಹಾಕಿರಲಿಲ್ಲ. ಎಲ್ಲಾ ಕೈಯಿಂದ ಬರೆದ ಚಿತ್ರಗಳು, ಅವೇ ಓಡುತ್ತವೆ, ಅವೇ ಅಳುತ್ತವೆ. ತೋಳ ಹಿಂಡಿನ ಮೇಲೆ ಬೀಳುತ್ತದೆ. ಒಂದು ಕುರಿಮರಿ ತಾನೇ ಮುಂದೆ ಹೋಗಿ ಸತ್ತು, ಉಳಿದವನ್ನು ಉಳಿಸಿ, ಮತ್ತೆ ಎದ್ದು ಬರುತ್ತದೆ. ಹಸಿದು ಬಂದ ತೋಳವನ್ನು ಕುರುಬ ಏನೂ ತಿನ್ನಗೊಡದೆ ಹೊಡೆದು ಓಡಿಸುತ್ತಾನೆ. ಊರೆಲ್ಲ ಚಪ್ಪಾಳೆ ತಟ್ಟಿತು. ನನ್ನ ಮೊಮ್ಮಗಳು ಗಂಗಿ ಮಾತ್ರ ಮನೆಗೆ ಬಂದು ಉಣ್ಣುವ ಗಂಗಾಳ ದೂಡಿದಳು. "ತೋಳ ಉಂಡಿಲ್ಲ. ನಾನೂ ಉಣ್ಣಾಂಗಿಲ್ಲ." ಮರುದಿನ ಬೆಳಿಗ್ಗೆಯೂ ಅದೇ ಹಟ. ಮೊದಲೇ ಜ್ವರದಿಂದ ಎದ್ದ ಕೂಸು. ಅವಳ ತಾಯಿ, ನನ್ನ ಸೊಸೆ ನೀಲಮ್ಮ, ಅಳುತ್ತ ಕೂತಳು. ನಾನು ಅಳುವವಳಲ್ಲ. ಕೂಸನ್ನು ಕಂಕುಳಿಗೆ ಏರಿಸಿ, ಒಂದು ರೊಟ್ಟಿ ಹಿಡಿದುಕೊಂಡು ಬಯಲಿಗೆ ನಡೆದೆ. ಪಾದ್ರಿ ಸಿನಿಮಾದ ಬಿಳಿ ಬಟ್ಟೆಯ ಹಗ್ಗ ಬಿಚ್ಚುತ್ತಿದ್ದ.

"ಆ ತೋಳದ ಚಿತ್ರ ಬರದವ್ರು ಯಾರ್ರೀ?"

"ಯಾರೋ ಕಲಾವಿದರು, ಅವ್ವ."

"ಮರಿ?"

"ಅವ್ರ ಬರದದ್ದು."

"ತೋಳಕ್ಕ ಹಸದ ಹೊಟ್ಟಿ?"

"ಅದೂ ಅವ್ರ."

"ಹಂಗಾದ್ರ ತಪ್ಪು ಬರದವ್ರದು. ತೋಳನ್ನ ಯಾಕ ಹೊಡಸಿದ್ರಿ?"

ತೋಳ ಅಂದರೆ ಪಾಪ, ಮರಿ ಅಂದರೆ ಯೇಸುಸ್ವಾಮಿ ಎಂದು ಅವನು ಬಿಡಿಸಿ ಹೇಳಿದ.

"ಇರ್ಲಿರಿ. ಆ ಸ್ವಾಮಿ ಎಲ್ಲಾರ ಸಲುವಾಗಿ ಸತ್ತ ಅಂತೀರಿ. ಎಲ್ಲಾರಾಗ ತೋಳ ಬರಾಂಗಿಲ್ಲೇನು?"

ಪಾದ್ರಿ ಹಗ್ಗ ಕೆಳಗಿಟ್ಟ. "ಇದ್ರ ಮ್ಯಾಲ ನಮ್ಮ ದೊಡ್ಡ ದೊಡ್ಡ ಪಾದ್ರಿಗಳೇ ಜಗಳಾಡ್ಯಾರವ್ವ. ನನಗ ಗೊತ್ತಿಲ್ಲ."

ನಮ್ಮಲ್ಲಿ ಮೊದಲ ರೊಟ್ಟಿ ಬಾಗಿಲಿಗೆ ಬಂದವರ ಪಾಲು. ನೀ ಏನು ತಪ್ಪು ಮಾಡಿ ಬಂದೆ ಎಂದು ಕೇಳುವ ರೂಢಿಯಿಲ್ಲ. "ನಿಮ್ಮ ಕುರುಬ ಒಂದ್ ರೊಟ್ಟಿ ಒಗದಿದ್ರ ಕತಿ ಅಲ್ಲೇ ಮುಗೀತಿತ್ತು," ಎಂದು ರೊಟ್ಟಿ ಅವನ ಕೈಗಿಟ್ಟೆ. ಅವನು ನಗಲಿಲ್ಲ. ಗಂಗಿಯ ಎದುರು ಕುಕ್ಕರಗಾಲಲ್ಲಿ ಕೂತು, "ಮುಂದಿನ ಊರಾಗ ಕತಿ ಹೇಳೂವಾಗ ತೋಳಕ್ಕ ಇದನ್ನ ಕೊಡ್ತೀನಿ. ನೀ ಉಣ್ತೀಯೇನು?" ಎಂದ. ಗಂಗಿ ಯೋಚಿಸಿ, "ಶೇಂಗಾ ಚಟ್ನಿನೂ ಕೊಡ್ರಿ," ಎಂದಳು. ಮನೆಗೆ ಬಂದು ಹೊಟ್ಟೆ ತುಂಬಾ ಉಂಡಳು.

ಪಾದ್ರಿಯ ಬಾಯಿ ಮುಚ್ಚಿಸಿದ ಸುದ್ದಿಯನ್ನು ಓಣಿಯ ಒಂದು ಕಟ್ಟೆಯನ್ನೂ ಬಿಡದೆ ನಾನೇ ಹೇಳಿ ಬಂದೆ. ಸಂಜೆ ನೀಲಮ್ಮ ರೊಟ್ಟಿ ಸೀಯಿಸಿದಳು. "ಇಂಥಾಕೀನ ಯಾರು ತಂದ್ರೋ," ಎಂದು ಬೈದೆ. ಅವಳು ಹಂಚಿನಿಂದ ಮುಖ ಎತ್ತಲಿಲ್ಲ.

"ಊರೂರು ತಿರುಗಿ ನೀವ ಆರಿಸಿ ತಂದೀರ್ರಿ, ಅತ್ತಿ. ತಪ್ಪು ತೋಳದ್ದೋ, ಬರದವ್ರದೋ?"

ಪಾದ್ರಿ ಗೊತ್ತಿಲ್ಲ ಎಂದಾದರೂ ಹೇಳಿದ್ದ. ನಾನು ಆ ಸೀದ ರೊಟ್ಟಿಯನ್ನೇ ಮುರಿದು ತಿಂದೆ.